ಕಿರುನೌಕೆಗಳೂ ಯಾಲೂ ಕದನವೂ

ಕಿರುನೌಕೆಗಳನ್ನು ಸಂಗ್ರಹಿಸಿ, ಅವುಗಳಿಂದ ಹಿಂದಿನ ನೌಕಾಯುದ್ಧಗಳನ್ನು ಮೇಜಿನ ಮೇಲೆ ಮರಳಿ ಆಡಿ ನೋಡುವ ಪದ್ಧತಿಗೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಇಂಗ್ಲೆಂಡಿನ ಫ್ರೆಡ್ ಟಿ. ಜೇನನು 1898ರಲ್ಲಿ ಜಗತ್ತಿನ ಯುದ್ಧನೌಕೆಗಳ ಸಚಿತ್ರ ಕೈಪಿಡಿಯನ್ನೂ ನೌಕಾಯುದ್ಧದ ಆಟವೊಂದರ ನಿಯಮಗಳನ್ನೂ ಪ್ರಕಟಿಸಿದನು. ಇಂತಹ ಸಂಗ್ರಹದಿಂದ ಇತಿಹಾಸದ ವಿದ್ಯಾರ್ಥಿಗೆ ಪ್ರಯೋಜನವೇನೆಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

1894ರ ಸೆಪ್ಟೆಂಬರ್ 17ರಂದು ನಡೆದ ಯಾಲೂ ಕದನವನ್ನೇ ತೆಗೆದುಕೊಳ್ಳೋಣ. ಚೀನಾದ ನೌಕಾಧಿಪತಿ ಡಿಂಗ್ ರೂಚಾಂಗನು ತನ್ನ ಹಡಗುಗಳನ್ನು ಅಡ್ಡಸಾಲಿನಲ್ಲಿ ನಡೆಸಿದನು. ಜಪಾನಿನ ಇಟೋ ಸುಕೆಯುಕಿಯು ಒಂದರ ಹಿಂದೊಂದರಂತೆ ನಡೆಸಿದನು. ಕಿರುನೌಕೆಗಳನ್ನು ಹೀಗೆ ಜೋಡಿಸಿದೊಡನೆ, ಚೀನೀ ಸಾಲಿನ ಬಲತುದಿಯ ದುರ್ಬಲ ಹಡಗುಗಳು ಶತ್ರುವಿನ ಗುಂಡಿಗೆ ಮೊದಲು ಈಡಾದುದೇಕೆಂಬುದು ಕಣ್ಣಿಗೆ ಕಟ್ಟುತ್ತದೆ. ನಕ್ಷೆಯ ವಿವರಣೆಯಿಂದ ಈ ಅರಿವು ಇಷ್ಟು ಬೇಗ ಮೂಡುವುದಿಲ್ಲ.

ಆದರೆ 1:2400 ಪ್ರಮಾಣದಲ್ಲಿ ಚೀನಾದ ಕವಚನೌಕೆ ಡಿಂಗ್‌ಯುವಾನ್ ಸುಮಾರು 4 ಸೆಂಟಿಮೀಟರಿನ ಲೋಹಖಂಡ ಮಾತ್ರ. ಅದರ ನಾಲ್ಕು 30.5 ಸೆಂಟಿಮೀಟರ್ ಫಿರಂಗಿಗಳು ಬಲು ನಿಧಾನವಾದವುಗಳೆಂಬುದಾಗಲಿ, ಜಪಾನಿನ ಯೋಷಿನೋ ಗಂಟೆಗೆ 23 ನಾಟಿಕಲ್ ಮೈಲಿ ಓಡಬಲ್ಲುದಾಗಿತ್ತೆಂಬುದಾಗಲಿ, ಅದರ ಫಿರಂಗಿಗಳು ಶೀಘ್ರಗತಿಯವೆಂಬುದಾಗಲಿ ಆಕಾರದಿಂದ ತಿಳಿಯದು. ಚೀನಾ ಐದು ನೌಕೆಗಳನ್ನು ಕಳೆದುಕೊಂಡಿತು, ಜಪಾನಿನದೊಂದೂ ಮುಳುಗಲಿಲ್ಲ. ಆದರೂ ಡಿಂಗ್‌ಯುವಾನ್ ಮತ್ತು ಜೆನ್‌ಯುವಾನ್ ನೂರಾರು ಏಟುಗಳನ್ನು ತಿಂದೂ ತೇಲುತ್ತಲೇ ಉಳಿದವು. ಅವುಗಳ ಉಕ್ಕು-ಕಬ್ಬಿಣಗಳ ಸಂಯುಕ್ತ ಕವಚ ಭೇದಿಸಲ್ಪಡಲಿಲ್ಲ.

ಆದುದರಿಂದ ಪ್ರತಿಯೊಂದು ಕಿರುನೌಕೆಯೊಡನೆ ಅದರ ಕವಚ, ಫಿರಂಗಿ, ವೇಗ, ಮದ್ದುಗುಂಡುಗಳ ವಿವರಪತ್ರವನ್ನೂ ಇರಿಸತಕ್ಕದ್ದು. ಅದಿಲ್ಲದ ಸಂಗ್ರಹವು ಕದನದ ವಿನ್ಯಾಸವನ್ನು ತೋರಿಸಬಲ್ಲುದೇ ಹೊರತು, ಸೋಲು ಗೆಲುವುಗಳ ಕಾರಣವನ್ನು ತೋರಿಸಲಾರದೆಂದು ನಮ್ಮ ಅಭಿಪ್ರಾಯ.