ಹೆಂಡದ ಮಡಕೆಗೆ ಬಿದ್ದ ಪುಡಿ

ಈಚಲು ಮರಕ್ಕೆ ಯಾರೂ ನೀರು ಹಾಯಿಸಬೇಕಿಲ್ಲ, ಗೊಬ್ಬರ ಹಾಕಬೇಕಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ ಹಳ್ಳದ ದಂಡೆ, ಕೆರೆಯ ಅಂಚು, ಬೀಳು ನೆಲಗಳಲ್ಲಿ ಅದು ತಾನಾಗಿ ಬೆಳೆಯುತ್ತಿತ್ತು. ಈಡಿಗರು ಸಂಜೆ ಸೊಂಟಕ್ಕೂ ಮರಕ್ಕೂ ಹಗ್ಗ ಸುತ್ತಿ ಹತ್ತುತ್ತಿದ್ದರು. ಗರಿಗಳ ಬುಡದಲ್ಲಿ ಕತ್ತಿಯಿಂದ ಕೆತ್ತಿ, ಮಡಕೆ ಕಟ್ಟಿ ಇಳಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತಿತ್ತು. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಬೆಳಿಗ್ಗೆ ಸಿಹಿ ನೀರಾ. ಇಲ್ಲದಿದ್ದರೆ ಬಿಸಿಲೇರುವಷ್ಟರಲ್ಲಿ ನೊರೆಗಟ್ಟಿದ ಹೆಂಡ. ಅದರ ಅಮಲು ಹೆಚ್ಚುಕಡಿಮೆ ಬಿಯರಿನಷ್ಟೇ.

ಈ ಅಮಲಿನಿಂದ ಸರ್ಕಾರದ ಬೊಕ್ಕಸ ತುಂಬುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಭೂಕಂದಾಯ ಬಿಟ್ಟರೆ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಅದಕ್ಕೇ 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳಿಗೇ ಕೊಡಲಿ ಹಾಕಿದರು. ಸ್ವಾತಂತ್ರ್ಯ ಬಂದ ಮೇಲೂ ಹೆಂಡದಂಗಡಿಗಳ ಹರಾಜು ನಿಲ್ಲಲಿಲ್ಲ. ಗುತ್ತಿಗೆಯ ಮೊತ್ತ ಏರುತ್ತಾ ಹೋಯಿತು, ಈಚಲು ವನಗಳು ಕರಗುತ್ತಾ ಬಂದವು.

ಮರ ಕೊಡದಿದ್ದನ್ನು ಪುಡಿ ಕೊಟ್ಟಿತು. ನೀರು ಬೆರೆಸಿದ ಹೆಂಡಕ್ಕೆ ಸಿಹಿಗೆ ಸ್ಯಾಕರಿನ್, ಮತ್ತಿಗೆ ಕ್ಲೋರಲ್ ಹೈಡ್ರೇಟ್. ಅಂಗಡಿಯವರ ಬಾಯಲ್ಲಿ ಅದು ಬರೀ ಸಿ.ಎಚ್. ಪೌಡರ್. ಕುಡಿಯುವ ಕೂಲಿಕಾರನಿಗೆ ಮಾತ್ರ ಅದು ಅಪ್ಪ, ತಾತ ಕುಡಿದ ಅದೇ ಹೆಂಡ.

ಈ ಪುಡಿಯ ಚರಿತ್ರೆ ಹೆರಾಯಿನ್ನಿನ ಚರಿತ್ರೆಯ ಹಾಗೆಯೇ ಇದೆ. ಎರಡೂ ಔಷಧವಾಗಿಯೇ ಬಂದವು. 1869ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್‌ರೈಕ್ ಕ್ಲೋರಲ್ ಹೈಡ್ರೇಟನ್ನು ನಿದ್ರೆಯ ಮದ್ದೆಂದು ಬಳಕೆಗೆ ತಂದ. 1898ರಲ್ಲಿ ಬೇಯರ್ ಕಂಪನಿ ಹೆರಾಯಿನ್ನನ್ನು ಕೆಮ್ಮಿನ ಔಷಧವೆಂದು ಮಾರಿತು. ಪ್ರಮಾಣ ಮೀರಿದರೆ ಎರಡೂ ಉಸಿರಾಟವನ್ನೇ ನಿಲ್ಲಿಸಬಲ್ಲವು. ಹೆರಾಯಿನ್ ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಂಡಾಗ ಎಚ್‌ಐವಿ, ಹೆಪಟೈಟಿಸ್ ಸಿ ಅಂಟುತ್ತವೆ. ಕ್ಲೋರಲ್ ಹೃದಯದ ಬಡಿತವನ್ನು ಏರುಪೇರು ಮಾಡುತ್ತದೆ, ಮದ್ಯದ ಜೊತೆ ಸೇರಿದರೆ ಇನ್ನೂ ಉಗ್ರವಾಗುತ್ತದೆ.

ಬಿಡುವಾಗಿನ ಅಪಾಯದ ಮಾತು ಬೇರೆ. ಹೆರಾಯಿನ್ ಬಿಟ್ಟವನು ಮೈಕೈ ನೋವು, ವಾಂತಿ, ಭೇದಿ, ನಡುಕದಲ್ಲಿ ನರಳುತ್ತಾನೆ, ಆದರೆ ಆ ನರಳಾಟವೇ ಪ್ರಾಣ ತೆಗೆಯುವುದು ಅಪರೂಪ. ದಿನವೂ ಕ್ಲೋರಲ್ ಕುಡಿದು ಒಮ್ಮೆಲೇ ನಿಲ್ಲಿಸಿದವನಿಗೆ ನಿದ್ದೆ ಹತ್ತುವುದಿಲ್ಲ, ಕೈ ನಡುಗುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಫಿಟ್ಸ್ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಹೆಸರು ಕೇಳಿದರೇ ಜನ ಬೆಚ್ಚುವ ಮಾದಕಕ್ಕಿಂತ, ತಾನು ಕುಡಿಯುತ್ತಿದ್ದೇನೆಂದೇ ಬಡವನಿಗೆ ಗೊತ್ತಿಲ್ಲದ ಪುಡಿ ಈ ವಿಷಯದಲ್ಲಿ ಹೆಚ್ಚು ಕ್ರೂರ.

2004ರಲ್ಲಿ ಕರ್ನಾಟಕ ಸರ್ಕಾರ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಹೆಂಡವನ್ನು ನಿಷೇಧಿಸಿತು. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿಯೂ ಹೋಯಿತು. ಅದೇ ವರ್ಷ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಅಂಗಡಿ ಮುಚ್ಚಿತು, ಚಟ ಮುಚ್ಚಲಿಲ್ಲ. ಗೌರಿಬಿದನೂರಿನಿಂದ ಹಿಂದೂಪುರ ದೂರವಲ್ಲ, ಚಿಂತಾಮಣಿಯಿಂದ ಮದನಪಲ್ಲಿಗೆ ನೇರ ರಸ್ತೆ. ಗಡಿಯಾಚೆಯ ಆಂಧ್ರದಲ್ಲಿ ಕಳ್ಳು ಸಿಗುತ್ತಿತ್ತು, ಜನ ಹೋಗಿ ಕುಡಿದು ಬರುತ್ತಿದ್ದರು.

ದಿಢೀರ್ ಬಂದ್ ಮಾಡಿದರೆ ಏನಾಗುತ್ತದೆಂಬುದನ್ನು ತೆಲಂಗಾಣ 2015ರಲ್ಲಿ ಕಂಡಿತು. ನಿಜಾಮಾಬಾದ್, ಮಹಬೂಬ್‌ನಗರ ಜಿಲ್ಲೆಗಳಲ್ಲಿ ಕಲಬೆರಕೆ ಕಳ್ಳಿನ ಮೇಲೆ ದಾಳಿ ನಡೆದ ಕೆಲವೇ ದಿನಗಳಲ್ಲಿ ನೂರಾರು ಮಂದಿ ನಡುಕ, ಫಿಟ್ಸ್, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ಸತ್ತವರೂ ಇದ್ದರು. ವೈದ್ಯರ ನಿಗಾದಲ್ಲಿ ಬದಲಿ ಔಷಧ ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸುತ್ತಾ ಬಂದಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳಿವು.

ಹೆಂಡ ಇಳಿಸಲು ಮತ್ತೆ ಅನುಮತಿ ಕೊಡಬೇಕೆಂಬ ಈಡಿಗರ ಬೇಡಿಕೆ ಈಗಲೂ ಇದೆ. ಕುಲಕಸುಬು ಕಳೆದುಕೊಂಡವರ ಆ ಕೂಗಿನಲ್ಲಿ ನ್ಯಾಯವಿದೆ. ಆದರೆ ಅನುಮತಿ ಕೊಡುವ ಮೊದಲು ತಾಲ್ಲೂಕಿಗೊಂದು ಪ್ರಯೋಗಾಲಯ ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಚಟ ಬಿಡಿಸುವ ಹಾಸಿಗೆಗಳು ಬೇಕು.