ಮಂಜು ಮತ್ತು ಗೆರೆ: ಕೆ. ವೆಂಕಟಪ್ಪನವರ ಜಲವರ್ಣಗಳಲ್ಲಿ ಜಪಾನಿನ ಜಾಡು

ಕೆ. ವೆಂಕಟಪ್ಪನವರನ್ನು (1886–1965) ಬಂಗಾಳ ಶೈಲಿಯ ಕನ್ನಡ ಪ್ರತಿನಿಧಿ ಎಂದು ಗುರುತಿಸಿ ಮುಂದೆ ಸಾಗುವುದು ನಮ್ಮ ಕಲಾಚರಿತ್ರೆಯಲ್ಲಿ ರೂಢಿಯಾಗಿದೆ. ಈ ಮಾತು ತಪ್ಪಲ್ಲ. ಆದರೆ ಊಟಿ, ಕೊಡೈಕನಾಲ್‌ಗಳ ಅವರ ನಿಸರ್ಗಚಿತ್ರಗಳನ್ನು ಅರಿಯಲು ಅದು ಸಾಲದು. ಬೆಟ್ಟಕ್ಕೆ ಕವಿದ ಮಂಜನ್ನು ಅವರು ಬರೆದ ಬಗೆಯ ಹಿಂದೆ ಜಪಾನಿನಲ್ಲಿ ಮೊದಲಾದ ಪ್ರಯೋಗವೊಂದಿದೆ. ಆ ಪ್ರಯೋಗ ತೊರೆದಿದ್ದ ಗೆರೆಯನ್ನು ವೆಂಕಟಪ್ಪನವರು ಬಿಡದೆ ಉಳಿಸಿಕೊಂಡರು ಎಂಬುದು ಈ ಲೇಖನದ ವಾದ.

ಒಕಾಕುರಾ ಕಾಕುಜೊ 1898ರಲ್ಲಿ ಟೋಕಿಯೊದಲ್ಲಿ ನಿಹೊನ್ ಬಿಜುತ್ಸುಯಿನ್ ಎಂಬ ಕಲಾಸಂಸ್ಥೆಯನ್ನು ಸ್ಥಾಪಿಸಿದರು. ಯೊಕೊಯಾಮ ತೈಕಾನ್ (1868–1958), ಹಿಶಿದ ಶುನ್ಸೊ (1874–1911) ಅಲ್ಲಿ ಅವರ ಜೊತೆಗಿದ್ದವರು. ಪಾಶ್ಚಾತ್ಯರ ತೈಲಚಿತ್ರ ಗಾಳಿಯನ್ನೂ ಬೆಳಕನ್ನೂ ತೋರಿಸುತ್ತದೆ; ರೇಷ್ಮೆ, ಮಸಿ, ಖನಿಜವರ್ಣಗಳಿಂದ ಅದು ಸಾಧ್ಯವೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಉತ್ತರಕ್ಕಾಗಿ ಅವರು ತೆತ್ತ ಬೆಲೆ ದೊಡ್ಡದು. ಜಪಾನಿನ ಪರಂಪರೆಗೆ ಜೀವಾಳವಾಗಿದ್ದ ಮಸಿಯ ಹೊರಗೆರೆಯನ್ನೇ ಕೈಬಿಟ್ಟು, ಒಣ ಕುಂಚದಿಂದ ಬಣ್ಣವನ್ನು ಹಂತಹಂತವಾಗಿ ತೇಲಿಸಿದರು. ಅಂದಿನ ವಿಮರ್ಶಕರು ಇದನ್ನು ‘ಮೋರೋತಾಯ್’, ಅಂದರೆ ಮಬ್ಬುಶೈಲಿ, ಎಂದು ಹೀಗಳೆದರು. ಒಕಾಕುರಾ 1902ರಲ್ಲಿ ಭಾರತಕ್ಕೆ ಬಂದಿದ್ದರು. ಮರುವರ್ಷ ತೈಕಾನ್, ಶುನ್ಸೊ ಇಬ್ಬರೂ ಕಲ್ಕತ್ತೆಗೆ ಬಂದರು. ಹೀಗೆ ನಮ್ಮಲ್ಲಿಗೆ ಬಂದದ್ದು ಅಪ್ಪಟ ಪ್ರಾಚೀನ ಜಪಾನ್ ಅಲ್ಲ, ಪಶ್ಚಿಮದೊಡನೆ ಆಗಲೇ ಸೆಣಸಿ ಬದಲಾಗಿದ್ದ ಜಪಾನ್. ಸ್ವದೇಶಿ ಚಳವಳಿಯ ಹುರುಪಿನಲ್ಲಿ ಇದನ್ನು ‘ಪೌರಸ್ತ್ಯ’ ಎಂದಷ್ಟೇ ಕರೆದವರು ಈ ಒಳಗಂಟನ್ನು ಕಾಣಲಿಲ್ಲವೆಂದು ನನಗನ್ನಿಸುತ್ತದೆ.

ತೈಕಾನ್ ಒದ್ದೆ ಕುಂಚವನ್ನು ಚಿತ್ರದ ಮೇಲೆ ಎಳೆಯುವುದನ್ನು ಬಂಗಾಳ ಶೈಲಿಯ ಪ್ರವರ್ತಕ ಅವನೀಂದ್ರನಾಥ ಠಾಕೂರರು ನೋಡಿದರು. ಅಷ್ಟಕ್ಕೇ ನಿಲ್ಲದೆ ಇಡೀ ಚಿತ್ರವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಚ್ಚತೊಡಗಿದರು. ಐರೋಪ್ಯ ಗುರುಗಳಿಂದ ಕಲಿತ ಜಲವರ್ಣದ ಹದವೂ ಅವರ ಕೈಯಲ್ಲಿತ್ತು. ವಾಶ್ ತಂತ್ರ ಹುಟ್ಟಿದ್ದು ಹೀಗೆ. 1905ರ ‘ಭಾರತಮಾತೆ’ ಅದರ ಹೆಸರಾಂತ ಫಲ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ವೆಂಕಟಪ್ಪನವರು 1909ರಲ್ಲಿ ಅವನೀಂದ್ರನಾಥರ ಬಳಿ ಕಲಿಯಲು ಕಲ್ಕತ್ತೆಗೆ ಹೋದಾಗ ಬರಿಗೈಯಲ್ಲಿ ಹೋಗಲಿಲ್ಲ. ಅವರು ಮೈಸೂರಿನ ಆಸ್ಥಾನ ಚಿತ್ರಗಾರರ ಮನೆಯವರು. ನವಿರು ಗೆರೆ ಅವರಿಗೆ ಮನೆಯ ವಿದ್ಯೆ. ಭಾರತೀಯ ಶಿಲ್ಪಶಾಸ್ತ್ರದ ಅಂಗಲಕ್ಷಣಗಳನ್ನು ಕುರಿತ ಅವನೀಂದ್ರನಾಥರ 1914ರ ಪುಸ್ತಕಕ್ಕೆ ಅವರ ಇನ್ನೊಬ್ಬ ಶಿಷ್ಯ ನಂದಲಾಲ್ ಬೋಸ್ ಮತ್ತು ವೆಂಕಟಪ್ಪನವರಿಂದಲೇ ರೇಖಾಚಿತ್ರಗಳನ್ನು ಬರೆಸಲಾಯಿತು. ಗುರು ಮಬ್ಬಿನ ಕಡೆ ವಾಲಿದ್ದ ಕಾಲದಲ್ಲೂ ಶಿಷ್ಯನ ಕೈಯಿಂದ ಬಯಸಿದ್ದು ಗೆರೆಯನ್ನು.

ಈ ಗೆರೆಗೆ ಕಸುವು ತುಂಬಿದ ಇನ್ನೊಂದು ತಾಣ ಅಜಂತಾ. ಅದು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಂದು ತೆಲಂಗಾಣದಲ್ಲಿರುವ, ಕನ್ನಡದ ಮನೆಗಳಿರುವ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್‌ಗಳು ಅದೇ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಕಲಬುರಗಿ ಜಿಲ್ಲೆಗೆ. 1956ರ ರಾಜ್ಯಗಳ ಮರುವಿಂಗಡಣೆ ಅಜಂತಾದೊಡನೆ ಕನ್ನಡ ಭಾಗಕ್ಕಿದ್ದ ಈ ನಂಟನ್ನು ಕಡಿಯಿತು. ಕಲಾಚರಿತ್ರೆಯೂ ಅದೇ ಗಡಿಗಳನ್ನು ಒಪ್ಪಿಕೊಂಡಿದ್ದರಿಂದ ಅಜಂತಾ ಕನ್ನಡ ಓದುಗನಿಗೆ ಪರಸ್ಥಳವಾಯಿತು. ಇಂಗ್ಲಿಷ್ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರು 1909–11ರಲ್ಲಿ ಅಲ್ಲಿನ ಭಿತ್ತಿಚಿತ್ರಗಳ ಪ್ರತಿ ತೆಗೆಸಿದಾಗ ಕಲ್ಕತ್ತೆಯಿಂದ ನಂದಲಾಲ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತರ ಜೊತೆ ವೆಂಕಟಪ್ಪನವರೂ ಬಂದರು. ಹೈದರಾಬಾದಿನಿಂದ ಸೈಯದ್ ಅಹ್ಮದ್, ಮುಹಮ್ಮದ್ ಫಜ್ಲುದ್ದೀನ್ ಸೇರಿಕೊಂಡರು. ಈ ಪ್ರತಿಗಳು 1915ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯಿಂದ ಪ್ರಕಟವಾದವು.

ಜಪಾನ್ ಕೂಡ ಅದೇ ಗೋಡೆಗಳನ್ನು ಅರಸಿ ಬಂತು. ನಾರಾ ಬಳಿಯ ಹೋರ್ಯೂಜಿ ದೇವಾಲಯದ ಭಿತ್ತಿಚಿತ್ರಗಳ ಮೂಲವನ್ನು ಅಲ್ಲಿನ ವಿದ್ವಾಂಸರು ಅಜಂತಾದಲ್ಲಿ ಹುಡುಕುತ್ತಿದ್ದರು. 1916ರಲ್ಲಿ ಕಲ್ಕತ್ತೆಗೆ ಬಂದ ಜಪಾನಿ ಚಿತ್ರಕಾರ ಅರಾಯಿ ಕಾಂಪೊ ಠಾಕೂರ್ ಮನೆತನದ ವಿಚಿತ್ರಾ ಎಂಬ ಕಲಾಸಭೆಯಲ್ಲಿ ಜಪಾನಿ ಕುಂಚವಿದ್ಯೆ ಕಲಿಸಿ, ಆಮೇಲೆ ಅಜಂತಾದ ಪ್ರತಿಗಳನ್ನು ತೆಗೆದರು. ಟೋಕಿಯೊ ಸೇರಿದ ಆ ಪ್ರತಿಗಳು 1923ರ ಭೂಕಂಪದ ಬೆಂಕಿಗೆ ಬಲಿಯಾದವು; ಹೋರ್ಯೂಜಿಯ ಭಿತ್ತಿಚಿತ್ರಗಳೂ 1949ರಲ್ಲಿ ಸುಟ್ಟುಹೋದವು. ಎರಡೂ ನಷ್ಟಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

1916ರಲ್ಲಿ ಕಲ್ಕತ್ತೆ ಬಿಟ್ಟ ವೆಂಕಟಪ್ಪನವರು ಪುರಾಣವಸ್ತುವಿನಿಂದ ನಿಸರ್ಗದ ಕಡೆ ಸರಿದರು. 1920ರ ದಶಕದ ಊಟಿ, 1930ರ ದಶಕದ ಕೊಡೈಕನಾಲ್ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿವೆ. ಬಂಗಾಳದ ವಾಶ್‌ನಲ್ಲಿ ಮಬ್ಬು ಒಂದು ಭಾವ: ಅದು ಯಾವ ಹೊತ್ತಿನದೂ ಅಲ್ಲ, ಯಾವ ಊರಿನದೂ ಅಲ್ಲ. ವೆಂಕಟಪ್ಪನವರ ಮಂಜಿಗೆ ಹೊತ್ತಿದೆ, ಜಾಗವಿದೆ. ದೂರದ ಬೆಟ್ಟದಲ್ಲಿ ಬಣ್ಣ ತೈಕಾನ್‌ನ ಹಾದಿಯಲ್ಲಿ ಕರಗುತ್ತದೆ. ಹತ್ತಿರದ ಮರಗಿಡಗಳಲ್ಲಿ ಮೈಸೂರಿನ ಗೆರೆ ಬಿಗಿಯಾಗಿ ನಿಲ್ಲುತ್ತದೆ. ಬೆಳಕನ್ನು ಹೊತ್ತುಹೊತ್ತಿಗೂ ಬಿಡಿಸಿ ನೋಡುವ ಕಣ್ಣು ಪಾಶ್ಚಾತ್ಯ ವಾಸ್ತವವಾದದ್ದು. ಇವನ್ನು ಬರಿಯ ದೃಶ್ಯಚಿತ್ರಗಳೆಂದು ಪುರಾಣಚಿತ್ರಗಳಿಗಿಂತ ಕೆಳಗಿಡುವುದನ್ನು ನಾನು ಒಪ್ಪಲಾರೆ. ಅವರ ನಿಜವಾದ ಸಾಧನೆ ಇಲ್ಲಿದೆ.

ಹೈದರಾಬಾದ್ ಸಂಸ್ಥಾನದ ಕನ್ನಡ ಭಾಗದ ಹೆಸರಾಂತ ಚಿತ್ರಕಾರ, ಕಲಬುರಗಿಯ ಎಸ್. ಎಂ. ಪಂಡಿತರು (1916–1993) ಹಿಡಿದದ್ದು ಬೇರೆ ಹಾದಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪಳಗಿದ ಅವರು ದುಂಡು ಮೈಕಟ್ಟು, ನಾಟಕೀಯ ಬೆಳಕುಗಳಿಂದ ಪುರಾಣವನ್ನು ಕ್ಯಾಲೆಂಡರಿನ ಮೂಲಕ ಮನೆಮನೆಗೆ ಒಯ್ದರು. ಪಂಡಿತರು ಪಶ್ಚಿಮವನ್ನು ನೇರವಾಗಿ ಪಡೆದರು. ವೆಂಕಟಪ್ಪನವರಿಗೆ ಅದರ ಒಂದು ಪಾಲು ಟೋಕಿಯೊ, ಕಲ್ಕತ್ತೆಗಳನ್ನು ಬಳಸಿ, ನೀರಿನಲ್ಲಿ ತೊಯ್ದು ಬಂತು.