ಸ್ವರಕ್ಕೊಂದು ವೋಚರ್

ಮೊನ್ನೆ ಮಗನ ಲ್ಯಾಪ್‌ಟಾಪಿನಲ್ಲಿ ಸಂಗೀತ ಜೋಡಿಸುವುದನ್ನು ಕಲಿಯಲು ಕೂತೆ. ಮಿಡಿ ಫೈಲಿನಲ್ಲಿ ದನಿಯೇ ಇರುವುದಿಲ್ಲವಂತೆ! ಯಾವ ಸ್ವರ, ಯಾವಾಗ, ಎಷ್ಟು ಜೋರು ಎಂಬ ನಮೂದು ಮಾತ್ರ. ನಮ್ಮ ಬ್ಯಾಂಕಿನ ವೋಚರಿನ ಹಾಗೆ, ಅದರಲ್ಲೇನು ದುಡ್ಡಿರುತ್ತದೆಯೇ?

ಮೊದಲೆಲ್ಲ ಒಂದು ಕಂಪನಿಯ ಕೀಬೋರ್ಡಿನ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಮುಂದೆ ನಿಂತು, 1983ರಲ್ಲಿ ಪೈಪೋಟಿಯ ಕಂಪನಿಗಳ ವಾದ್ಯಗಳನ್ನು ಪರಸ್ಪರ ಮಾತಾಡಿಸಿದರು. ಅದಕ್ಕೆ ರಾಯಧನ ಕೇಳಲಿಲ್ಲ. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ಕಿಂಡಿ ಹುಟ್ಟಿನಿಂದಲೇ ಇತ್ತು. ಮನೆಯ ಮೇಜೇ ಸ್ಟುಡಿಯೋ ಆಯಿತು.

ಅಮ್ಮ ಹಾಡುತ್ತಿದ್ದ ತೋಡಿಯ ದೇವರನಾಮವನ್ನು ನಮೂದಿಸಿದೆ. ಸ್ವರಗಳೆಲ್ಲ ಸರಿ, ಅಮ್ಮ ಮಾತ್ರ ಇರಲಿಲ್ಲ. ಗಮಕಕ್ಕೆ ಪಿಚ್ ಬೆಂಡ್ ಎಂಬ ಬೇರೆ ನಮೂದು ಬೇಕು. ಅದರಲ್ಲಿ 16,384 ಮೆಟ್ಟಿಲು. ಈಗ ಗಾಂಧಾರವೊಂದನ್ನೇ ಅಲುಗಿಸುತ್ತಾ ಕೂತಿದ್ದೇನೆ. ಲೆಕ್ಕ ಇನ್ನೂ ಟ್ಯಾಲಿ ಆಗಿಲ್ಲ.